ಕೊರಲೆ, ಕಡಲೆಕಾಯಿ, ಕಲ್ಲಿನ ನಂದಿ: ಹೇಮಾವತಿಯಲ್ಲಿ ಒಂದು ಊಟದ ನಡಿಗೆ

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ ಗುಡ್ಡದ ಮೇಲೆ ಕಟ್ಟಿದ ಮೊಂತೆಪುಲ್ಚಾನೊ ಎಂಬ ಹಳೆಯ ಊರಿದೆ. ಆ ಕಡೆಯ ಊರುಗಳಲ್ಲಿ ಈಗ 'ಊಟದ ನಡಿಗೆ' ಎಂಬ ಪ್ರವಾಸ ಬಹಳ ಜನಪ್ರಿಯ. ಗೈಡ್ ಒಬ್ಬರು ಹತ್ತು ಹನ್ನೆರಡು ಜನರನ್ನು ಕರೆದುಕೊಂಡು ಕಲ್ಲುಹಾಸಿನ ಓಣಿಗಳಲ್ಲಿ ನಡೆಸುತ್ತಾರೆ. ಒಂದು ಕಡೆ ಕುರಿಹಾಲಿನ ಚೀಸ್, ಇನ್ನೊಂದು ಕಡೆ ಕೈಯಲ್ಲೇ ಹೊಸೆದ ದಪ್ಪ ಶಾವಿಗೆ, ಮತ್ತೊಂದು ಕಡೆ ನೆಲಮಾಳಿಗೆಯಲ್ಲಿ ಪೀಪಾಯಿಗಳಲ್ಲಿಟ್ಟ ದ್ರಾಕ್ಷಾರಸ. ತಿನ್ನುತ್ತಾ ಹೋದಂತೆ ಊರಿನ ಇತಿಹಾಸವೂ ಬಿಚ್ಚಿಕೊಳ್ಳುತ್ತದೆ.

ಮೊಂತೆಪುಲ್ಚಾನೊ ನಮಗೆ ಪೂರ್ತಿ ಅಪರಿಚಿತ ಊರಲ್ಲ. ಧರ್ಮಸಭೆಯ ಪಂಡಿತರಲ್ಲಿ ಒಬ್ಬರಾದ ಸಂತ ರಾಬರ್ಟ್ ಬೆಲ್ಲರ್ಮಿನ್ 1542ರಲ್ಲಿ ಹುಟ್ಟಿದ್ದು ಅಲ್ಲಿ. ಅವರ ಸಂಬಂಧಿಯಾದ ರಾಬರ್ಟ್ ದೆ ನೊಬಿಲಿ ಅವರ ಮನೆತನವೂ ಅಲ್ಲಿಯದೇ. 1606ರಲ್ಲಿ ಮಧುರೆಗೆ ಬಂದ ಈ ಯೇಸುಸಭೆಯ ಗುರು ಕಾವಿ ತೊಟ್ಟರು, ಮಾಂಸ ಬಿಟ್ಟರು, ದಿನಕ್ಕೆ ಒಂದೇ ಹೊತ್ತು ಅನ್ನ, ತರಕಾರಿ, ಹಾಲಿನ ಊಟಕ್ಕೆ ಇಳಿದರು. ಒಂದು ನಾಡಿನ ಜನರೊಂದಿಗೆ ಮಾತನಾಡಬೇಕಾದರೆ ಮೊದಲು ಅವರ ಎಲೆಯಲ್ಲಿ ಏನಿದೆ ಎಂದು ನೋಡಬೇಕು ಎಂಬುದನ್ನು ಅವರು ಬೇಗ ಕಂಡುಕೊಂಡಿದ್ದರು. ಅವರದೇ ದಾರಿಯಲ್ಲಿ ಇನ್ನೊಬ್ಬ ಇಟಲಿಯವರು, ಲಿಯೊನಾರ್ಡೊ ಚಿನ್ನಮಿ, 1649ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದು ಕನ್ನಡ ಕಲಿತರು. ದೆ ನೊಬಿಲಿ ಅವರ ಎಲೆಯ ವಿಷಯಕ್ಕೆ ಆಮೇಲೆ ಬರೋಣ, ಅದರಲ್ಲಿ ಒಂದು ಕಹಿಯೂ ಇದೆ.

ಇಟಲಿಯವರು ಮಾಡುವ ಆ ನಡಿಗೆಯನ್ನು ನಮ್ಮ ಕನ್ನಡ ಸೀಮೆಯ ಒಂದು ಹಳೆಯ ರಾಜಧಾನಿಯಲ್ಲಿ ಮಾಡಿದರೆ ಹೇಗೆ? ಹೇಮಾವತಿ ಎಂದ ಕೂಡಲೇ ಹಾಸನದ ಹೊಳೆ ನೆನಪಾಗುವುದು ಸಹಜ. ಇದು ಆ ಹೊಳೆಯಲ್ಲ, ಒಂದು ಊರು. ಶಿರಾ ತಾಲ್ಲೂಕಿನ ಗಡಿ ದಾಟಿದರೆ ಆಂಧ್ರದ ಮಡಕಶಿರಾ ಸೀಮೆ. ಅಲ್ಲಿ ಅಮರಾಪುರಂ ಮಂಡಲದಲ್ಲಿ ಈ ಹಳ್ಳಿ ಇದೆ. ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದು, 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಬಸ್ಸಿನ ಬೋರ್ಡು ತೆಲುಗು, ಕಟ್ಟೆಯ ಮೇಲಿನ ಮಾತು ಕನ್ನಡ. ಇಲ್ಲಿ ಊಟದ ನಡಿಗೆಗೆ ಟಿಕೆಟ್ ಕೊಡುವವರು ಯಾರೂ ಇಲ್ಲ. ನಮಗೆ ನಾವೇ ಗೈಡ್.

ಶಾಸನಗಳಲ್ಲಿ ಈ ಊರಿನ ಹೆಸರು ಹೆಂಜೇರು. ಸುಮಾರು ಎಂಟನೇ ಶತಮಾನದಿಂದ ಹನ್ನೊಂದನೇ ಶತಮಾನದವರೆಗೆ ಆಳಿದ ನೊಳಂಬರ ರಾಜಧಾನಿ ಇದು. ಈಗಿನ ತುಮಕೂರು, ಚಿತ್ರದುರ್ಗ, ಕೋಲಾರ, ಅನಂತಪುರ ಸೀಮೆಗಳಲ್ಲಿ ಹರಡಿದ್ದ ಅವರ ನಾಡಿಗೆ 'ನೊಳಂಬವಾಡಿ 32000' ಎಂದು ಹೆಸರು. ಇವತ್ತಿನ ರಾಜ್ಯಗಳ ಗಡಿ ಅದರ ಮೈಮೇಲೆ ಹಾದು ಹೋಗಿದೆ. 1953ರಲ್ಲಿ ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯ ರಾಯದುರ್ಗ, ಆಲೂರು, ಆದವಾನಿ ತಾಲ್ಲೂಕುಗಳು ಆ ಕಡೆ ಹೋದವು; ಮಡಕಶಿರಾ ಮೊದಲೇ ಅನಂತಪುರ ಜಿಲ್ಲೆಯಲ್ಲಿದ್ದುದರಿಂದ ಜಿಲ್ಲೆಯ ಜೊತೆಗೇ ಹೋಯಿತು. ಮುದ್ದೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಈ ಕಡೆ ರಾಗಿಮುದ್ದೆ, ಆ ಕಡೆ ರಾಗಿ ಸಂಗಟಿ, ಅಷ್ಟೇ ವ್ಯತ್ಯಾಸ.

ನಡಿಗೆಯನ್ನು ದೇವಸ್ಥಾನದಿಂದ ಆರಂಭಿಸುವುದು ರೂಢಿ. ನಾವು ಊರ ಹೊರಗಿನ ಹೊಲದಿಂದ ಆರಂಭಿಸೋಣ. ಕಾರಣ ಇದೆ: ಇಲ್ಲಿ ಎಲ್ಲಕ್ಕಿಂತ ಹಳೆಯದು ಗುಡಿಯಲ್ಲ, ಒಂದು ಕಾಳು.

ಕೊರಲೆ. ಸಿರಿಧಾನ್ಯಗಳ ಪಟ್ಟಿಯಲ್ಲಿ ನವಣೆ, ಸಾಮೆ, ಹಾರಕಗಳ ಜೊತೆಗೆ ಅನೇಕರು ಈ ಹೆಸರನ್ನು ಈಚೆಗಷ್ಟೇ ಕೇಳಿರಬಹುದು. ಆದರೆ ತುಮಕೂರು, ಚಿತ್ರದುರ್ಗದ ಒಣ ಭಾಗ ಮತ್ತು ಅದಕ್ಕೆ ಅಂಟಿಕೊಂಡ ಅನಂತಪುರ ಸೀಮೆಯ ರೈತರಿಗೆ ಇದು ಹೊಸದಲ್ಲ. ಬಿತ್ತಿದ ಸುಮಾರು 80 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಬೇರೆ ಬೆಳೆ ಒಲ್ಲೆನ್ನುವ ಹುಣಸೆಮರದ ನೆರಳಿನಲ್ಲೂ ಬೆಳೆಯುತ್ತದೆ. ಬಳ್ಳಾರಿ ಹತ್ತಿರದ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಪುರಾತತ್ವಜ್ಞರು ಮಣ್ಣನ್ನು ನೀರಿನಲ್ಲಿ ತೇಲಿಸಿ ಸೋಸಿದಾಗ ಸುಟ್ಟು ಕರಕಲಾದ ಕಾಳುಗಳು ಸಿಕ್ಕವು. ಅವುಗಳಲ್ಲಿ ಕೊರಲೆ, ಹುರುಳಿ, ಹೆಸರು ಮುಖ್ಯ. ಸುಮಾರು 4000 ವರ್ಷಗಳ ಹಿಂದಿನ ಅಡುಗೆ ಒಲೆಯ ಸಾಕ್ಷಿ ಅದು. ಅಬ್ರಹಾಮನ ಕಾಲ ಎಂದು ನಾವು ಸಾಮಾನ್ಯವಾಗಿ ಎಣಿಸುವ ಹೊತ್ತಿಗೇ ನಮ್ಮ ಬಯಲುಸೀಮೆಯಲ್ಲಿ ಯಾರೋ ತಾಯಿ ಕೊರಲೆ ಕುಟ್ಟಿ, ಹುರುಳಿ ಬೇಯಿಸುತ್ತಿದ್ದಳು.

ಇಲ್ಲಿ ಒಂದು ಅಚ್ಚರಿ. ನಾವು 'ನಮ್ಮದು' ಎಂದು ಎದೆ ತಟ್ಟಿ ಹೇಳುವ ರಾಗಿ ಮೂಲದಲ್ಲಿ ಆಫ್ರಿಕಾದ್ದು. ಪೂರ್ವ ಆಫ್ರಿಕಾದ ಎತ್ತರದ ಸೀಮೆಗಳಿಂದ ಸಾವಿರಾರು ವರ್ಷಗಳ ಹಿಂದೆ ಬಂದದ್ದು. ಜೋಳವೂ ಹಾಗೆಯೇ. ಚಟ್ನಿಪುಡಿಗೆ ಬೀಳುವ ಹುಚ್ಚೆಳ್ಳು ಇಥಿಯೋಪಿಯಾದ ಕಡೆಯದು. ಹುಣಸೆಗೂ ಆಫ್ರಿಕಾವೇ ತವರು. ಇವತ್ತು ಹತ್ತಿರದ ಹಿಂದೂಪುರ ಹುಣಸೆಹಣ್ಣಿನ ದೊಡ್ಡ ಮಾರುಕಟ್ಟೆ. ಹೀಗೆ ಬಂದವರೆಲ್ಲ ಮನೆಯವರೇ ಆಗಿ ಉಳಿದರು. 'ಹೊರಗಿನವರು' ಎಂಬ ಮಾತನ್ನು ಯಾರಾದರೂ ಜೋರಾಗಿ ಆಡಿದಾಗ ಅವರ ತಟ್ಟೆಯ ಮುದ್ದೆಯನ್ನು ಒಮ್ಮೆ ತೋರಿಸಬಹುದು.

ಈಗ ಗುಡಿಗಳ ಕಡೆಗೆ. ದೊಡ್ಡೇಶ್ವರ, ಸಿದ್ದೇಶ್ವರ, ವಿರೂಪಾಕ್ಷ, ಮಲ್ಲೇಶ್ವರ ಎಂಬ ಗುಡಿಗಳು ಇಲ್ಲಿವೆ. ದೊಡ್ಡೇಶ್ವರನ ಎದುರಿನ ನಂದಿ, ಗೋಡೆಗೆ ಕೂರಿಸಿದ ಕಲ್ಲಿನ ಜಾಲಂಧ್ರಗಳು, ನುಣುಪಾಗಿ ಉಜ್ಜಿದ ಕಪ್ಪು ಕಂಬಗಳು: ನೊಳಂಬ ಶಿಲ್ಪಿಗಳ ಕೈಚಳಕ ಇಲ್ಲಿ ಕಾಣುತ್ತದೆ. ಸಿದ್ದೇಶ್ವರ ಗುಡಿಯ ವಿಶೇಷವೆಂದರೆ ಅಲ್ಲಿ ಪೂಜೆಗೊಳ್ಳುವುದು ಲಿಂಗವಲ್ಲ, ಕುಳಿತ ಮನುಷ್ಯಾಕಾರದ ಶಿವಮೂರ್ತಿ. ಇದು ಇವತ್ತಿಗೂ ಪೂಜೆ ನಡೆಯುವ ಜಾಗ. ಹೋದಾಗ ಚಪ್ಪಲಿ ಹೊರಗೆ ಬಿಡುವುದು, ಫೋಟೋಗೆ ಮೊದಲು ಕೇಳುವುದು, ಗುಂಪಾಗಿ ಗಲಾಟೆ ಮಾಡದಿರುವುದು, ನಮ್ಮ ದೇವಾಲಯಕ್ಕೆ ಬಂದ ಅತಿಥಿಯಿಂದ ನಾವು ಏನು ಬಯಸುತ್ತೇವೋ ಅದೇ.

ಗುಡಿಯಲ್ಲಿ ಊಟದ ಇತಿಹಾಸ ಎಲ್ಲಿದೆ? ಶಾಸನಗಳ ಲೆಕ್ಕದಲ್ಲಿದೆ. ಆ ಕಾಲದ ಕನ್ನಡ ಶಾಸನಗಳು ನೆಲವನ್ನು ಎಷ್ಟೋ ಸಲ ಉದ್ದ ಅಗಲದಿಂದ ಅಳೆಯುವುದಿಲ್ಲ, ಬೀಜದಿಂದ ಅಳೆಯುತ್ತವೆ. 'ಇಷ್ಟು ಖಂಡುಗ' ಎಂದರೆ ಅಷ್ಟು ಬೀಜ ಬಿತ್ತುವಷ್ಟು ನೆಲ. ಕೊಳಗ, ಖಂಡುಗ ಎಂಬ ಆ ಮಾತುಗಳು ನಮ್ಮ ಅಜ್ಜಂದಿರ ಬಾಯಲ್ಲೂ ಇದ್ದವು. ಇನ್ನೊಂದು ಮಾತು ಬಿತ್ತುವಟ್ಟ. ಕೆರೆ ಕಟ್ಟಿಸಿದವರಿಗೆ ಅಥವಾ ಅದನ್ನು ನೋಡಿಕೊಳ್ಳುವವರಿಗೆ ಕೆರೆಯ ಕೆಳಗಿನ ಗದ್ದೆಯಲ್ಲಿ ಬಿಟ್ಟುಕೊಡುವ ಪಾಲು ಅದು. ಕೆರೆಯ ಹೂಳು ತೆಗೆಯುವವನಿಗೆ, ಏರಿ ಕಾಯುವವನಿಗೆ ಊಟ ಎಲ್ಲಿಂದ ಎಂಬ ಪ್ರಶ್ನೆಗೆ ಒಂದು ವ್ಯವಸ್ಥೆ ಇತ್ತು ಎಂದಾಯಿತು. ಇನ್ನು ವೀರಗಲ್ಲುಗಳು: ದನ ಹಿಡಿಯಲು ಬಂದವರ ಜೊತೆ ಹೋರಾಡಿ ಸತ್ತವರು ಅದೆಷ್ಟು ಜನ! ಹಾಲು, ಉಳುಮೆ, ಗೊಬ್ಬರ ಎಲ್ಲವೂ ದನದಿಂದಲೇ ಆಗಬೇಕಿದ್ದ ಸೀಮೆಯಲ್ಲಿ ತುರುಗೋಳ್ ಎಂದರೆ ಊರಿನ ಅನ್ನಕ್ಕೇ ಕೈ ಹಾಕಿದ ಹಾಗೆ. ಸತ್ತವನ ಮನೆಯವರಿಗೆ ಕಲ್ನಾಡು ಎಂದು ನೆಲ ಕೊಡುತ್ತಿದ್ದರು.

ನೊಳಂಬರ ರಾಜಕೀಯ ಬೇಗ ಮುಗಿಸೋಣ. ಹೇಮಾವತಿಯ ಕಂಬದ ಶಾಸನವೊಂದು ಅವರ ವಂಶವನ್ನು ತ್ರಿನಯನ ಪಲ್ಲವನಿಂದ ಎಣಿಸುತ್ತದೆ. ಒಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಮಹೇಂದ್ರ ಬಾಣರನ್ನು ಮುರಿದು ದೊಡ್ಡವನಾದ. ಹತ್ತನೇ ಶತಮಾನದಲ್ಲಿ ಗಂಗರ ಮಾರಸಿಂಹ ಇವರನ್ನು ಸೋಲಿಸಿ 'ನೊಳಂಬಕುಲಾಂತಕ' ಎಂದು ಬಿರುದು ಹೊತ್ತ. ಆಮೇಲೆ ಚೋಳರು ಬಂದರು. ನೊಳಂಬರ ಕೆತ್ತನೆಯ ಕಂಬಗಳನ್ನು ತಂಜಾವೂರಿನ ಹತ್ತಿರದ ತಿರುವೈಯಾರಿಗೆ ಸಾಗಿಸಿದರು, ಅವು ಇವತ್ತಿಗೂ ಅಲ್ಲಿನ ಗುಡಿಯಲ್ಲಿ ನಿಂತಿವೆ. ಮುಂದೆ ಬ್ರಿಟಿಷರ ಕಾಲದಲ್ಲಿ ಇನ್ನಷ್ಟು ಶಿಲ್ಪಗಳು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. ಗೆದ್ದವರು ಕಂಬ ಕಿತ್ತುಕೊಂಡು ಹೋದರು. ಕೊರಲೆಯನ್ನು ಯಾರೂ ಹೊತ್ತುಕೊಂಡು ಹೋಗಲಿಲ್ಲ, ಅದಕ್ಕೇ ಅದು ಇನ್ನೂ ಇಲ್ಲಿದೆ.

ಮೂರನೇ ನಿಲ್ದಾಣ ಅಡುಗೆಮನೆ. ಮಹೇಂದ್ರ ನೊಳಂಬನ ಎಲೆಯಲ್ಲಿ ಏನಿರಬಹುದು? ನೊಳಂಬರ ಕೊನೆಗಾಲಕ್ಕೆ ಹೊಂದುವ ಒಂದು ಕನ್ನಡ ಗ್ರಂಥ ನಮಗೆ ಸಹಾಯಕ್ಕೆ ಬರುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಗೇ ಒಂದು ಅಧ್ಯಾಯವಿದೆ. (ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಇವನಲ್ಲ.) ಅಕ್ಕಿ, ಬೇಳೆ, ಮೊಸರು, ತುಪ್ಪ, ಇಂಗು, ಸಾಸಿವೆ, ಕಾಳುಮೆಣಸು, ಇವು ಆ ಕಾಲದ ಉಳ್ಳವರ ಅಡುಗೆಯ ಸಾಮಾನು. ಹೊಲದಲ್ಲಿ ದುಡಿಯುವವನ ಪಾತ್ರೆಯಲ್ಲಿ ಸಿರಿಧಾನ್ಯ, ಹುರುಳಿ, ಸೊಪ್ಪು.

ಏನು ಇರಲಿಲ್ಲ ಎಂಬುದು ಇನ್ನೂ ಕುತೂಹಲಕಾರಿ. ಮೆಣಸಿನಕಾಯಿ ಇರಲಿಲ್ಲ. ಟೊಮೆಟೊ ಇರಲಿಲ್ಲ. ಆಲೂಗಡ್ಡೆ, ಮುಸುಕಿನ ಜೋಳ ಇರಲಿಲ್ಲ. ಇವತ್ತು ಈ ಸೀಮೆಯ ಗುರುತೇ ಆಗಿರುವ ಕಡಲೆಕಾಯಿಯೂ ಇರಲಿಲ್ಲ. ಎಲ್ಲವೂ ಅಮೆರಿಕ ಖಂಡದವು. 1492ರ ನಂತರ ಸಮುದ್ರ ದಾಟಿದವು. ಪೋರ್ಚುಗೀಸರು 1510ರಲ್ಲಿ ಗೋವೆ ಹಿಡಿದ ಮೇಲೆ ಅವರ ಹಡಗುಗಳಲ್ಲಿ ಮೆಣಸಿನಕಾಯಿ ನಮ್ಮ ಕರಾವಳಿಗೆ ಇಳಿಯಿತು. ಹೊಸ ಕಾಯಿಗೆ ಹೆಸರು ಬೇಕಲ್ಲ? ಮೆಣಸಿನ ಹಾಗೆ ಖಾರ ಇರುವ ಕಾಯಿ, ಮೆಣಸಿನಕಾಯಿ. ಆ ಒಂದು ಪದದಲ್ಲೇ ಐನೂರು ವರ್ಷದ ಕಥೆ ಕುಳಿತಿದೆ. ಧರ್ಮಪ್ರಚಾರಕ ಗುರುಗಳು ಬಂದದ್ದೂ ಇದೇ ಹಡಗುಗಳಲ್ಲಿ. ಸಂತ ಫ್ರಾನ್ಸಿಸ್ ಜೇವಿಯರ್ 1542ರಲ್ಲಿ ಗೋವೆಗೆ ಇಳಿದರು. ಅವರಿಗಿಂತ ಮೆಣಸಿನಕಾಯಿ ಹೆಚ್ಚು ಮನೆಗಳನ್ನು ಮುಟ್ಟಿತು ಎಂದರೆ ಅವರು ನಕ್ಕು ಒಪ್ಪಿಕೊಳ್ಳುತ್ತಿದ್ದರೇನೋ!

ಇಟಲಿಗೂ ಇದೇ ಆದದ್ದು. ಟೊಮೆಟೊ ಇಲ್ಲದ ಇಟಲಿಯ ಅಡುಗೆ ಇವತ್ತು ಊಹಿಸಲೂ ಕಷ್ಟ. ಆದರೆ ಹದಿನಾರನೇ ಶತಮಾನಕ್ಕೆ ಮೊದಲು ಅಲ್ಲಿ ಟೊಮೆಟೊ ಇರಲೇ ಇಲ್ಲ. ಅದೇ ದಾರಿಯಲ್ಲಿ ಬಂದ ಮುಸುಕಿನ ಜೋಳ ಉತ್ತರ ಇಟಲಿಯ ಬಡವರಿಗೆ ಅಂಬಲಿಯಾಯಿತು, ಪೊಲೆಂತಾ ಎಂದು ಹೆಸರು. ಹೆಚ್ಚು ಇಳುವರಿ, ಕಡಿಮೆ ಖರ್ಚು. ಕೊನೆಗೆ ಅದೊಂದನ್ನೇ ತಿಂದ ಕೂಲಿಕಾರರಿಗೆ ಪೆಲಾಗ್ರ ಎಂಬ ರೋಗ ಬಂತು: ಚರ್ಮ ಒಡೆಯುವುದು, ಭೇದಿ, ಬುದ್ಧಿಭ್ರಮೆ. ಕಾಳಿನಲ್ಲಿ ವಿಷವಿರಲಿಲ್ಲ. ತಟ್ಟೆಯಲ್ಲಿ ಬೇರೇನೂ ಇರಲಿಲ್ಲ, ಅದೇ ರೋಗ.

ಈ ಮಾತು ಇಲ್ಲಿ ಏಕೆಂದರೆ ನಮ್ಮ ನಾಲ್ಕನೇ ನಿಲ್ದಾಣ ಕಡಲೆಕಾಯಿ ಹೊಲ. ಮಡಕಶಿರಾ ಕಡೆ ಕಡಲೆಕಾಯಿ, ರಾಯದುರ್ಗ ಬಳ್ಳಾರಿ ಕಡೆ ಶೇಂಗಾ. ಹುರಿದು, ಬೇಯಿಸಿ, ಚಟ್ನಿ ಮಾಡಿ, ಬೆಲ್ಲ ಸೇರಿಸಿ ಓಳಿಗೆಗೆ ಹೂರಣ ಮಾಡಿ, ಹೇಗೆ ತಿಂದರೂ ರುಚಿ. ದಕ್ಷಿಣ ಅಮೆರಿಕದ ಈ ಕಾಯಿ ಹತ್ತೊಂಬತ್ತನೇ ಶತಮಾನದ ಕೊನೆ ಮತ್ತು ಇಪ್ಪತ್ತನೇ ಶತಮಾನದಲ್ಲಿ ಮದರಾಸು ಪ್ರಾಂತ್ಯದಲ್ಲಿ ದೊಡ್ಡ ವಾಣಿಜ್ಯ ಬೆಳೆಯಾಯಿತು. ಪುದುಚೇರಿಯಿಂದ ಫ್ರಾನ್ಸಿನ ಮಾರ್ಸೆಯ ಎಣ್ಣೆ ಮತ್ತು ಸಾಬೂನು ಕಾರ್ಖಾನೆಗಳಿಗೆ ಹಡಗು ಹಡಗಾಗಿ ಹೋಯಿತು. ಮುಂದೆ ಅನಂತಪುರ ಜಿಲ್ಲೆಯ ಮಳೆಯಾಧಾರಿತ ಹೊಲಗಳೆಲ್ಲ ಅದರ ಕೈಗೆ ಹೋದವು. ವರ್ಷಕ್ಕೆ ಸರಾಸರಿ 550 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಸೀಮೆಯಲ್ಲಿ ಒಂದೇ ಬೆಳೆಯನ್ನು ನಂಬುವುದೆಂದರೆ ಒಂದೇ ಹಗ್ಗದ ಮೇಲೆ ನಡೆದ ಹಾಗೆ. ಹೂ ಬಿಟ್ಟು ಊಡಿಳಿಯುವ ಹೊತ್ತಿಗೆ ಮಳೆ ಕೈಕೊಟ್ಟರೆ ಎಲ್ಲ ಹೋಯಿತು. ಸಾಲ ಮಾತ್ರ ಉಳಿಯಿತು. ಈ ಜಿಲ್ಲೆಯ ರೈತರ ಆತ್ಮಹತ್ಯೆಯ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಮೊದಲು ಒಂದೇ ಹೊಲದಲ್ಲಿ ರಾಗಿ, ಸಾಲಿನ ನಡುವೆ ಅವರೆ, ತೊಗರಿ, ಅಂಚಿಗೆ ಹುಚ್ಚೆಳ್ಳು ಇರುತ್ತಿದ್ದವು. ಒಂದು ಹೋದರೆ ಇನ್ನೊಂದು ಕೈ ಹಿಡಿಯುತ್ತಿತ್ತು.

ಹಾಗೆಂದು ಹಿಂದಿನ ಕಾಲವೆಲ್ಲ ಹಾಲುಜೇನು ಎಂದುಕೊಳ್ಳಬಾರದು. 1876ರಿಂದ 78ರ ಮಹಾಕ್ಷಾಮ ಮದರಾಸು ಪ್ರಾಂತ್ಯದಲ್ಲಿ ಅತಿ ಹೆಚ್ಚು ಬಾಧಿಸಿದ ಜಿಲ್ಲೆಗಳಲ್ಲಿ ಬಳ್ಳಾರಿ ಒಂದು. ಆಗ ಅನಂತಪುರ ಇನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ, 1882ರಲ್ಲಿ ಆಯಿತು. 1871 ಮತ್ತು 1881ರ ಜನಗಣತಿಗಳ ನಡುವೆ ಈ ಸೀಮೆಯ ಜನಸಂಖ್ಯೆ ಸುಮಾರು ಐದರಲ್ಲಿ ಒಂದು ಪಾಲು ಕುಸಿಯಿತು. ಐದು ಜನರ ಒಂದು ಮನೆಯನ್ನು ನೆನೆಸಿಕೊಳ್ಳಿ. ನಮ್ಮ ಜನ ರಾಗಿಯನ್ನು ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ವರ್ಷಗಟ್ಟಲೆ ಕಾಪಾಡುತ್ತಿದ್ದರು. ಆದರೆ ಮಳೆ ಮತ್ತೆ ಮತ್ತೆ ಕೈಕೊಟ್ಟಾಗ ಹಗೇವುಗಳೂ ಬರಿದಾದವು, ಬೆಲೆ ಏರಿದ ಕಡೆಗೆ ರೈಲಿನಲ್ಲಿ ಧಾನ್ಯ ಹರಿದು ಹೋಯಿತು. ಪರಿಹಾರ ಕಾಮಗಾರಿಗಳಲ್ಲಿ ಕಲ್ಲು ಒಡೆಯುವ ಗಂಡಸಿಗೆ ದಿನಕ್ಕೆ 1 ಪೌಂಡ್, ಎಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಮೇಲೆ ಪುಡಿಗಾಸು ಸಾಕು ಎಂದು 1877ರಲ್ಲಿ ಸರ್ ರಿಚರ್ಡ್ ಟೆಂಪಲ್ ಎಂಬ ಅಧಿಕಾರಿ ನಿಗದಿ ಮಾಡಿದ. ಇದು ಸಾಲದು, ದುಡಿಯುವ ದೇಹಕ್ಕೆ ಬೇಳೆಯೂ ಬೇಕು ಎಂದು ಮದರಾಸಿನ ಆರೋಗ್ಯ ಅಧಿಕಾರಿ ಡಾ. ಕಾರ್ನಿಷ್ ಹಟ ಹಿಡಿದು ವಾದಿಸಿದರು. ಕೆಲವು ತಿಂಗಳ ಮೇಲೆ ಆ ಅಳತೆ ಬದಲಾಯಿತು. ಇತಿಹಾಸದ ಪಾಠದಲ್ಲಿ ವೈಸ್‌ರಾಯ್‌ಗಳ ಹೆಸರು ಬಾಯಿಪಾಠ ಮಾಡುತ್ತೇವೆ; ಬೇಳೆಗಾಗಿ ಜಗಳ ಮಾಡಿದ ಈ ಡಾಕ್ಟರನ್ನು ಕಲಿಯುವುದಿಲ್ಲ.

ಈಗ ದೆ ನೊಬಿಲಿ ಅವರ ಎಲೆಗೆ. ಅವರ ತ್ಯಾಗ ದೊಡ್ಡದು, ಅನುಮಾನವಿಲ್ಲ. ಆದರೆ ಮೇಲ್ಜಾತಿಯವರ ನಡುವೆ ಸ್ವೀಕಾರ ಪಡೆಯಲು ಅವರು ಬ್ರಾಹ್ಮಣ ಅಡುಗೆಯವರನ್ನು ಇಟ್ಟುಕೊಂಡರು; ಕೆಳಜಾತಿಯವರೊಂದಿಗೆ ಬಹಿರಂಗವಾಗಿ ಬೆರೆಯದೆ ದೂರ ಉಳಿದರು. 1640ರಿಂದ ಆ ಜನರ ನಡುವೆ ಕೆಲಸ ಮಾಡಲು ಪಂಡಾರಸ್ವಾಮಿಗಳು ಎಂಬ ಬೇರೆ ಗುರುಗಳನ್ನೇ ನೇಮಿಸಬೇಕಾಯಿತು. ಒಂದೇ ಪರಮಪ್ರಸಾದ, ಎರಡು ಪಂಕ್ತಿ. ಅವರ ಕಾಲವನ್ನು ನಮ್ಮ ಕಾಲದ ತಕ್ಕಡಿಯಲ್ಲಿ ತೂಗಬಾರದು ಎನ್ನುವವರಿದ್ದಾರೆ. ಒಪ್ಪಬಹುದು. ಆದರೆ ಈ ತಕ್ಕಡಿ ನಮ್ಮ ಕಾಲದ್ದಲ್ಲ, ಸಂತ ಪೌಲರದು. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ಬಂದು ಹೊಟ್ಟೆ ತುಂಬ ತಿಂದು, ಕೂಲಿ ಮುಗಿಸಿ ತಡವಾಗಿ ಬಂದವರು ಹಸಿದೇ ಇರುತ್ತಿದ್ದಾಗ, ನೀವು ಮಾಡುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಅವರು ಕಟುವಾಗಿ ಬರೆದರು.

ಆದ್ದರಿಂದ ಊಟದ ನಡಿಗೆಯಲ್ಲಿ 'ಏನು ತಿನ್ನುತ್ತಿದ್ದರು' ಎಂದಷ್ಟೇ ಕೇಳಿದರೆ ಅರ್ಧ ಇತಿಹಾಸ. ಯಾರು ಬೆಳೆದರು, ಯಾರ ಬಾವಿಯ ನೀರು, ಯಾರು ಒಳಗೆ ಕೂತರು, ಯಾರಿಗೆ ಹೊರಗೆ ಬೇರೆ ಲೋಟ ಇಟ್ಟರು ಎಂದೂ ಕೇಳಬೇಕು. ನಮ್ಮ ಧರ್ಮಕೇಂದ್ರದ ಹಬ್ಬದೂಟದಲ್ಲೂ ಕೇಳಬಹುದಾದ ಪ್ರಶ್ನೆಗಳೇ ಇವು. ಪಾತ್ರೆ ತೊಳೆದವರು ಯಾವಾಗ ಉಂಡರು?

ಈ ಜಿಲ್ಲೆಯಲ್ಲಿ ಇನ್ನೊಬ್ಬ ಯುರೋಪಿನವರ ನೆನಪೂ ಇದೆ. ಬಾರ್ಸೆಲೊನದಲ್ಲಿ 1920ರಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್ ಯೇಸುಸಭೆಯವರಾಗಿ 1952ರಲ್ಲಿ ಭಾರತಕ್ಕೆ ಬಂದು ಮಹಾರಾಷ್ಟ್ರದ ಮನ್ಮಾಡಿನಲ್ಲಿ ಬಾವಿ ತೋಡುವ ರೈತರ ಜೊತೆ ದುಡಿದರು. 1968ರಲ್ಲಿ ದೇಶ ಬಿಡಬೇಕಾಗಿ ಬಂತು. ಮರಳಿ ಬಂದು 1969ರಲ್ಲಿ ಅನಂತಪುರಕ್ಕೆ ನೆಲೆ ಬದಲಿಸಿದರು. ಸಭೆಯಿಂದ ಹೊರಬಂದು ಗ್ರಾಮೀಣಾಭಿವೃದ್ಧಿ ಸಂಸ್ಥೆಯನ್ನು ಕಟ್ಟಿದರು. ನೀರು, ಮನೆ, ಶಾಲೆ, ಬತ್ತಲಪಲ್ಲಿಯ ಆಸ್ಪತ್ರೆ, ಮುಖ್ಯವಾಗಿ ದಲಿತ ಕುಟುಂಬಗಳ ನಡುವೆ. 2009ರಲ್ಲಿ ಅನಂತಪುರದಲ್ಲೇ ತೀರಿಕೊಂಡರು.

ಹೋಗುವ ಮನಸ್ಸಿದ್ದರೆ ಬೇಸಿಗೆ ಬೇಡ. ಕಡಲೆಕಾಯಿ ಕೀಳುವ, ಅವರೆ ಹೂ ಬಿಡುವ ಹೊತ್ತು ಒಳ್ಳೆಯದು. ಶಿವರಾತ್ರಿಯಲ್ಲಿ ಗುಡಿಗಳಿಗೆ ಜನ ಸೇರುತ್ತಾರೆ. ನಮ್ಮ ವಿಭೂತಿ ಬುಧವಾರ ಎಷ್ಟೋ ವರ್ಷ ಅದರ ಆಸುಪಾಸಿನಲ್ಲೇ ಬರುತ್ತದೆ, ಇಬ್ಬರಿಗೂ ಅದು ಉಪವಾಸದ ಕಾಲ. ಒಬ್ಬ ಹಿರಿಯರನ್ನು ಕಂಡು ಮೊದಲು ಏನೇನು ಬಿತ್ತುತ್ತಿದ್ದಿರಿ ಎಂದು ಕೇಳಿ. ಪುಸ್ತಕದಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ.

ಬರುವಾಗ ರೈತರಿಂದಲೇ ಕೊರಲೆ ಕೊಳ್ಳಲು ಸಿಕ್ಕರೆ ಎರಡು ಸೇರು ತನ್ನಿ. ಸಿಪ್ಪೆ ತೆಗೆದದ್ದೇ ಎಂದು ಕೇಳಿ ತೆಗೆದುಕೊಳ್ಳಿ, ಮನೆಯಲ್ಲಿ ಕುಟ್ಟಿ ಸಿಪ್ಪೆ ಬಿಡಿಸುವುದು ಸುಲಭವಲ್ಲ. ರಾತ್ರಿ ನೆನೆ ಹಾಕಿ, ಬೆಳಿಗ್ಗೆ ಒಂದು ಲೋಟಕ್ಕೆ ಎರಡೂವರೆ ಲೋಟ ನೀರಿಟ್ಟು ಸಣ್ಣ ಉರಿಯಲ್ಲಿ ಬೇಯಿಸಿ, ಇಳಿಸಿದ ಮೇಲೆ ಹತ್ತು ನಿಮಿಷ ಮುಚ್ಚಿಡಿ. ಹುರುಳಿಕಟ್ಟಿನ ಸಾರು ಇದ್ದರೆ ಬೇರೇನೂ ಬೇಡ. ಒಗ್ಗರಣೆಗೆ ಒಂದು ಸಲ ಮೆಣಸಿನಕಾಯಿ ಬಿಟ್ಟು ಕಾಳುಮೆಣಸು ಹಾಕಿ ನೋಡಿ.